ಸೇಲ್ಸ್ ಟ್ಯಾಕ್ಸ್ ತಂದವರೂ ಅವರೇ, ಲೈಸೆನ್ಸ್ ರಾಜ್ ವಿರುದ್ಧ ಪಕ್ಷ ಕಟ್ಟಿದವರೂ ಅವರೇ: ಗಡಿಯಾಚೆ ತೊರಪಳ್ಳಿಯ ರಾಜಾಜಿ ಕಥೆ

ಆನೇಕಲ್: ಅತ್ತಿಬೆಲೆ ಗಡಿ ದಾಟಿ ಹೊಸೂರಿಗೆ ಹೋಗಿಬರೋದು ನಮ್ಮ ತಾಲ್ಲೂಕಿನ ಅಂಗಡಿಯವರಿಗೆ ಹೊಸದೇನಲ್ಲ. ಆದ್ರೆ ಹೊಸೂರು ಪಕ್ಕದ ತೊರಪಳ್ಳಿ ಅಂದ್ರೆ ಎಷ್ಟು ಜನಕ್ಕೆ ಗೊತ್ತು? ಭಾರತದ ಗವರ್ನರ್ ಜನರಲ್ ಹುದ್ದೆಗೆ ಏರಿದ ಒಬ್ಬನೇ ಒಬ್ಬ ಭಾರತೀಯ, ಚಕ್ರವರ್ತಿ ರಾಜಗೋಪಾಲಾಚಾರಿ ಹುಟ್ಟಿದ ಊರು ಅದು. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ ಮನೆ ಈಗ ಸ್ಮಾರಕ.

ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದು, ಮದ್ರಾಸಿನಲ್ಲಿ ಕಾನೂನು, ಆಮೇಲೆ ಸೇಲಂನಲ್ಲಿ ವಕೀಲಿಕೆ. ಒಳ್ಳೆ ಸಂಪಾದನೆ ಇತ್ತು. ಗಾಂಧೀಜಿ ಕರೆಗೆ ಓಗೊಟ್ಟು ಅದನ್ನೂ ಬಿಟ್ಟು ಜೈಲಿಗೆ ಹೋದರು. 1930ರಲ್ಲಿ ವೇದಾರಣ್ಯಂ ಉಪ್ಪಿನ ಸತ್ಯಾಗ್ರಹದ ಮುಂದಾಳು ಅವರೇ.

ಅಂಗಡಿಗೆ ಬಂದ ತೆರಿಗೆ

1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಗೆ ಹಾಗೇ ಅಂತಿದ್ದರು. ಸೇಲಂ ಜಿಲ್ಲೆಯಲ್ಲಿ ಹೆಂಡ, ಸಾರಾಯಿ ನಿಲ್ಲಿಸಿದರು. ಒಳ್ಳೇದೇ ಆಯ್ತು, ಆದ್ರೆ ಖಜಾನೆಗೆ ಬರೋ ದುಡ್ಡು ಹೋಯ್ತಲ್ಲ? ಅದನ್ನು ತುಂಬಿಸೋಕೆ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದರು. ಇಡೀ ದೇಶದಲ್ಲಿ ಅದೇ ಮೊದಲು. ಇವತ್ತು ಜಿಎಸ್‌ಟಿ ರಿಟರ್ನ್ಸ್ ಅಂತ ತಲೆ ಕೆಡಿಸಿಕೊಳ್ಳೋ ಅಂಗಡಿಯವರಿಗೆ ಇದು ತಿಳಿದಿರಲಿ.

1952ರಲ್ಲಿ ಮತ್ತೆ ಮದ್ರಾಸ್ ಮುಖ್ಯಮಂತ್ರಿಯಾದಾಗ ಮಾಡಿದ್ದು ಇದರ ಉಲ್ಟಾ ಕೆಲಸ. ಯುದ್ಧದ ಕಾಲದಿಂದ ಇದ್ದ ಆಹಾರಧಾನ್ಯದ ಕಂಟ್ರೋಲ್, ರೇಷನ್ ತೆಗೆದುಹಾಕಿದರು. ಧಾನ್ಯ ಎಲ್ಲಾ ಕಾಳಸಂತೆ ಪಾಲಾಗುತ್ತೆ ಅನ್ನೋ ಹೆದರಿಕೆ ಇತ್ತು, ಹಾಗಾಗಲಿಲ್ಲ. ಸರ್ಕಾರ ವ್ಯಾಪಾರದಲ್ಲಿ ಕೈ ಹಾಕಿದಷ್ಟೂ ಗೋಳು ಜಾಸ್ತಿ ಅನ್ನೋ ಅವರ ನಂಬಿಕೆ ಇನ್ನೂ ಗಟ್ಟಿಯಾಯ್ತು.

80ನೇ ವಯಸ್ಸಿನಲ್ಲಿ ಹೊಸ ಪಕ್ಷ

1959ರ ಜನವರಿಯಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಸಹಕಾರಿ ಕೂಡು ಬೇಸಾಯದ ನಿರ್ಣಯ ಮಾಡಿತು. ಜಮೀನು ಕೈಬಿಟ್ಟು ಹೋಗುತ್ತೆ ಅಂತ ರೈತರಲ್ಲಿ ಭಯ ಹುಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಮದ್ರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆ ಆಯ್ತು. ರೈತ ನಾಯಕ ಎನ್.ಜಿ. ರಂಗಾ, ಮುಂಬೈನ ಮಿನೂ ಮಸಾನಿ, ಕೆ.ಎಂ. ಮುನ್ಷಿ ಜೊತೆಗಿದ್ದರು. ಕಾರ್ಖಾನೆ ಹಾಕೋಕೆ, ದೊಡ್ಡದು ಮಾಡೋಕೆ, ಎಲ್ಲದಕ್ಕೂ ದೆಹಲಿ ಬಾಗಿಲು ಕಾಯಬೇಕಾದ ಆ ವ್ಯವಸ್ಥೆಗೆ ಪರ್ಮಿಟ್-ಲೈಸೆನ್ಸ್ ರಾಜ್ ಅಂತ ಹೆಸರು ಕೊಟ್ಟವರು ರಾಜಾಜಿನೇ.

ಇದನ್ನು ಬಲಪಂಥೀಯ ಪಕ್ಷ ಅಂದರು. ಆದ್ರೆ ಧರ್ಮದ ಹೆಸರಲ್ಲಿ ಕಟ್ಟಿದ ಪಕ್ಷ ಅಲ್ಲ. ಇದ್ದದ್ದನ್ನು ಒಂದೇ ಏಟಿಗೆ ಕಿತ್ತುಹಾಕಬಾರದು, ಸರ್ಕಾರಕ್ಕೊಂದು ಮಿತಿ ಇರಬೇಕು, ಆಸ್ತಿ ಮತ್ತು ಕಸುಬು ಅವರವರ ಕೈಲಿರಬೇಕು ಅನ್ನೋದು ಅದರ ಸಾರ. ಒಟ್ಟು 21 ತತ್ವ ಒಪ್ಪಿದರೆ ಸಾಕು, ಉಳಿದದ್ದರಲ್ಲಿ ಸದಸ್ಯರಿಗೆ ಅವರಿಷ್ಟ.

1962ರಲ್ಲಿ ಲೋಕಸಭೆಯಲ್ಲಿ 18 ಸೀಟು, 1967ರಲ್ಲಿ 44. ಆಗ ವಿರೋಧ ಪಕ್ಷಗಳಲ್ಲಿ ಅದೇ ದೊಡ್ಡದು. ಒಡಿಶಾದಲ್ಲಿ ಬೇರೆಯವರ ಜೊತೆ ಸೇರಿ ಸರ್ಕಾರವನ್ನೂ ಮಾಡಿತು. 1971ರ ಇಂದಿರಾ ಅಲೆಯಲ್ಲಿ ಮಾತ್ರ 8ಕ್ಕೆ ಬಂದು ನಿಂತಿತು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ಸೇರಿಹೋಯ್ತು.

ತಪ್ಪುಗಳನ್ನೂ ಹೇಳಬೇಕು

ಹೊಗಳಿ ಮುಗಿಸಿದರೆ ಅರ್ಧ ಕಥೆ ಆಗುತ್ತೆ. ರಾಜರು, ಜಮೀನ್ದಾರರು, ಸಾಹುಕಾರರೇ ಪಕ್ಷದಲ್ಲಿ ತುಂಬಿದ್ದಾರೆ ಅನ್ನೋ ಮಾತು ಸುಳ್ಳಲ್ಲ. ಜೈಪುರದ ಮಹಾರಾಣಿ ಗಾಯತ್ರಿದೇವಿ ಗೆದ್ದದ್ದು ಈ ಪಕ್ಷದಿಂದಲೇ. ಉಳೋನಿಗೆ ಭೂಮಿ ಬೇಕು ಅಂತ ಕಾಯ್ತಿದ್ದ ಗೇಣಿದಾರನಿಗೆ ಈ ಪಕ್ಷದಲ್ಲಿ ಸಿಗೋದು ಏನಿತ್ತು?

ಅದಕ್ಕಿಂತ ದೊಡ್ಡ ಏಟು 1953ರ ಶಿಕ್ಷಣ ಯೋಜನೆ. ಹಳ್ಳಿ ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಅಪ್ಪ ಅಮ್ಮನ ಕಸುಬು ಕಲಿಯೋದು. ಶಾಲೆ ಸಾಲದಿದ್ದಾಗ ಎರಡು ಪಾಳಿ ಮಾಡೋ ಉಪಾಯ ಅಂತ ಅವರ ಲೆಕ್ಕ. ಆದ್ರೆ ಕ್ಷೌರಿಕನ ಮಗ ಕ್ಷೌರಿಕನೇ ಆಗಬೇಕಾ ಅಂತ ಜನ ಕೇಳಿದರು. ಪೆರಿಯಾರ್ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಹೋರಾಟಕ್ಕಿಳಿದರು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು. ಆಮೇಲೆ ಬಂದ ಕಾಮರಾಜ್ ಯೋಜನೆಯನ್ನೇ ರದ್ದು ಮಾಡಿದರು.

1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದವರು, ಮುಂದೆ ಹಿಂದಿ ಹೇರಿಕೆ ವಿರೋಧಿಸಿ 1967ರಲ್ಲಿ ಡಿಎಂಕೆ ಜೊತೆ ನಿಂತರು. ತಪ್ಪು ಅನ್ನಿಸಿದರೆ ದಾರಿ ಬದಲಿಸೋ ಧೈರ್ಯ ಅವರಿಗಿತ್ತು.

ಅವರು ಹೋಗಿ 19 ವರ್ಷಕ್ಕೆ, 1991ರಲ್ಲಿ, ಬಹುಪಾಲು ಕೈಗಾರಿಕೆಗಳಿಗೆ ಲೈಸೆನ್ಸ್ ಬೇಡ ಅಂದಿದ್ದು ಯಾವ ಪಕ್ಷದ ಸರ್ಕಾರ? ಅವರು ಬಿಟ್ಟು ಬಂದ ಕಾಂಗ್ರೆಸ್ ಸರ್ಕಾರವೇ. ಪಕ್ಷ ಮುಳುಗಿತು, ಮಾತು ಉಳಿಯಿತು. ಮಗ ಯಾವ ಕಸುಬು ಹಿಡಿಯಬೇಕು ಅಂತ ಸರ್ಕಾರ ಹೇಳಬಾರದು ಅನ್ನೋದೂ ಉಳಿಯಿತು, ಅದನ್ನು ಕಲಿಸಿದ್ದು ಅವರನ್ನು ಇಳಿಸಿದ ಜನ. ಮುಂದಿನ ಸಲ ಹೊಸೂರಿಗೆ ಹೋದಾಗ ತೊರಪಳ್ಳಿ ಕಡೆ ಒಮ್ಮೆ ಗಾಡಿ ತಿರುಗಿಸಿ, ನೋಡಿ ಬನ್ನಿ.