ಕೋಷ್ಟಕಗಳ ಕರ್ತೃ ಎಡ್ಗರ್ ಕಾಡ್

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್‌ಲೆಂಡ್ ದ್ವೀಪದಲ್ಲಿ 1923ರ ಆಗಸ್ಟ್ 19ರಂದು ಎಡ್ಗರ್ ಫ್ರಾಂಕ್ ಕಾಡ್ ಜನಿಸಿದನು. ತಂದೆ ಚರ್ಮದ ಉದ್ಯಮಿ, ತಾಯಿ ಶಾಲಾ ಉಪಾಧ್ಯಾಯಿನಿ. ಏಳು ಮಕ್ಕಳಲ್ಲಿ ಇವನೇ ಕಿರಿಯವನು. ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರಗಳನ್ನು ವ್ಯಾಸಂಗ ಮಾಡಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ನಡೆಸಿ, 1948ರಲ್ಲಿ ನ್ಯೂಯಾರ್ಕಿಗೆ ಬಂದು ಐ.ಬಿ.ಎಂ. ಸಂಸ್ಥೆಯನ್ನು ಸೇರಿದನು. 1953ರಲ್ಲಿ ಸೆನೆಟರ್ ಮೆಕಾರ್ಥಿಯ ಹಾವಳಿಗೆ ಬೇಸತ್ತು ಕೆನಡಕ್ಕೆ ಹೊರಟುಹೋದನು. ಕೆಲವು ವರ್ಷಗಳ ಮೇಲೆ ಹಿಂದಿರುಗಿದವನು ನಲವತ್ತು ದಾಟಿದ ಬಳಿಕ, 1965ರಲ್ಲಿ, ಮಿಶಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದನು. ತನಗೆ ಒಪ್ಪದುದಕ್ಕೆ ತಲೆಬಾಗದ ಈ ಸ್ವಭಾವವೇ ಮುಂದೆ ಅವನ ಕೀರ್ತಿಗೂ ಕಷ್ಟಕ್ಕೂ ಕಾರಣವಾಯಿತು.

ಆ ಕಾಲದಲ್ಲಿ ಗಣಕಯಂತ್ರಗಳು ಮಾಹಿತಿಯನ್ನು ಬಹುಮಟ್ಟಿಗೆ ವಂಶವೃಕ್ಷದಂತೆ ಇಟ್ಟುಕೊಳ್ಳುತ್ತಿದ್ದವು. ಚಂದ್ರಯಾನದ ಅಪೊಲೊ ಯೋಜನೆಗಾಗಿ ಐ.ಬಿ.ಎಂ. ರೂಪಿಸಿದ ಐ.ಎಂ.ಎಸ್. ಎಂಬ ವ್ಯವಸ್ಥೆಯೂ ಇದೇ ಬಗೆಯದು. ಬೇಕಾದ ಎಲೆಯನ್ನು ಮುಟ್ಟಲು ಯಾವ ಕೊಂಬೆಯಿಂದ ಯಾವ ರೆಂಬೆಗೆ ಸಾಗಬೇಕೆಂಬುದನ್ನು ಕ್ರಮವಿಧಿ ಬರೆಯುವವನೇ ಅರಿತಿರಬೇಕು; ಮರದ ರಚನೆ ಬದಲಾದರೆ ಅವನ ಬರಹವೆಲ್ಲ ವ್ಯರ್ಥ. ಸ್ಯಾನ್ ಹೋಸೆಯ ಸಂಶೋಧನಾಲಯದಲ್ಲಿದ್ದ ಕಾಡ್ ಈ ದಾಸ್ಯವನ್ನು ಸಹಿಸಲಿಲ್ಲ.

1970ರ ಜೂನ್‌ನಲ್ಲಿ ಪ್ರಕಟವಾದ ಅವನ ಪ್ರಬಂಧವು ಮಾಹಿತಿಯನ್ನೆಲ್ಲ ಸರಳ ಕೋಷ್ಟಕಗಳಾಗಿ ಇಡಬಹುದೆಂದು ಸಾರಿತು. ಅದರಲ್ಲಿ ಅವನು ಕೊಟ್ಟ ಉದಾಹರಣೆ ಒಬ್ಬ ನೌಕರನ ದಾಖಲೆಯದು. ನೌಕರನ ಹೆಸರು, ಹುಟ್ಟಿದ ದಿನಗಳ ಜೊತೆಯಲ್ಲೇ ಅವನು ಹಿಡಿದ ಹುದ್ದೆಗಳ ಪಟ್ಟಿ. ಪ್ರತಿ ಹುದ್ದೆಯ ಹೊಟ್ಟೆಯಲ್ಲಿ ಸಂಬಳದ ಪಟ್ಟಿ. ಪಕ್ಕದಲ್ಲಿ ಮಕ್ಕಳ ಪಟ್ಟಿ. ಇವನ್ನು ಬಿಡಿಸುವ ಬಗೆ ಹೀಗೆ: ಒಳಗಿನ ಪ್ರತಿ ಪಟ್ಟಿಯೂ ಬೇರೆ ಕೋಷ್ಟಕವಾಗಬೇಕು, ಹೊರಬರುವಾಗ ತಾಯಿದಾಖಲೆಯ ಗುರುತನ್ನು ತನ್ನೊಡನೆ ತರಬೇಕು. ಹುದ್ದೆಯ ಸಾಲಿಗೆ ನೌಕರನ ಸಂಖ್ಯೆ ಸೇರುತ್ತದೆ. ಸಂಬಳದ ಸಾಲಿಗೆ ನೌಕರನ ಸಂಖ್ಯೆ, ಹುದ್ದೆಯ ದಿನಾಂಕ ಎರಡೂ ಸೇರುತ್ತವೆ. ನಮ್ಮ ಕಾಲೇಜು ಕಚೇರಿಯಲ್ಲಿ ದಾಖಲಾತಿ ಪುಸ್ತಕವೂ ಅಂಕಪುಸ್ತಕವೂ ಬೇರೆಬೇರೆಯಾಗಿದ್ದು ನೋಂದಣಿ ಸಂಖ್ಯೆಯೊಂದೇ ಅವನ್ನು ಕೂಡಿಸುವಂತೆ. ಗುಮಾಸ್ತರಿಗೆ ಇದು ಹೊಸತೇನಲ್ಲ. ಅದಕ್ಕೆ ಗಣಿತದ ಭದ್ರ ತಳಹದಿ ಹಾಕಿದ್ದು ಕಾಡ್‌ನ ಪ್ರತಿಭೆ.

ಆದರೆ ಐ.ಎಂ.ಎಸ್.ನಿಂದ ಹಣ ಬರುತ್ತಿದ್ದಾಗ ಅದರ ಬುಡಕ್ಕೇ ಕೊಡಲಿಯಿಡುವ ನೌಕರನ ಮಾತನ್ನು ಸಂಸ್ಥೆ ಬೇಗ ಕೇಳೀತೇ? 1974ರಲ್ಲಿ ವಿರುದ್ಧ ಪಕ್ಷದ ಚಾರ್ಲ್ಸ್ ಬಾಕ್‌ಮನ್ನನೊಡನೆ ಬಹಿರಂಗ ವಾದವೂ ನಡೆಯಿತು. ಅದೇ ವರ್ಷ ಸಂಸ್ಥೆಯ ಚೇಂಬರ್ಲಿನ್, ಬಾಯ್ಸ್ ಎಂಬಿಬ್ಬರು ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ಪ್ರಕಟಿಸಿದರು. ಅದೇ ಇಂದಿನ ಎಸ್.ಕ್ಯು.ಎಲ್. ಅದನ್ನು ಮಾರುಕಟ್ಟೆಗೆ ಮೊದಲು ತಂದದ್ದು, 1979ರಲ್ಲಿ, ಇಂದು ಒರಾಕಲ್ ಎನಿಸಿಕೊಂಡಿರುವ ಕಂಪನಿ, ಐ.ಬಿ.ಎಂ.ನ ಸರಕು ಬಂದದ್ದು 1981ರಲ್ಲಿ. ಅದೇ ವರ್ಷ ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆದರೂ ಅವನಿಗೆ ಆ ಭಾಷೆ ತೃಪ್ತಿ ಕೊಡಲಿಲ್ಲ. ಒಂದೇ ಸಾಲು ಎರಡು ಸಲ ಬರಲು ಅದು ಎಡೆಗೊಟ್ಟದ್ದು ಗಣಿತಜ್ಞನ ಕಣ್ಣಿಗೆ ಅಪಚಾರ. ಹೆಸರಿಗೆ ಮಾತ್ರ ತನ್ನ ತತ್ತ್ವವನ್ನು ಹೇಳಿಕೊಳ್ಳುವ ವ್ಯಾಪಾರಿಗಳನ್ನು ಒರೆಹಚ್ಚಲು 1985ರಲ್ಲಿ ಹನ್ನೆರಡು ಸೂತ್ರಗಳನ್ನು ವಿಧಿಸಿದನು. ಸೊನ್ನೆಯಿಂದ ಎಣಿಸಿದ್ದರಿಂದ ಅವು ಹದಿಮೂರಾದದ್ದು ಬೇರೆ ಮಾತು!

2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ಕಾಡ್ ತೀರಿಕೊಂಡನು. ಆ ವೇಳೆಗೆ ಜೇಸನ್ ಎಂಬ ಹೊಸ ಬರಹಕ್ರಮ ಆಗಲೇ ಹುಟ್ಟಿತ್ತು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಮತ್ತೊಂದು: ಹಳೆಯ ಮರವೇ ಮತ್ತೆ ಚಿಗುರಿತು. 2016ರ ಎಸ್.ಕ್ಯು.ಎಲ್. ಮಾನಕವು ಇದಕ್ಕಾಗಿ ಜೇಸನ್-ಟೇಬಲ್ ಎಂಬ ಸಾಧನವನ್ನು ಸೇರಿಸಿತು. ಯಾವ ಹಾದಿಯಲ್ಲಿರುವ ಅಂಶ ಯಾವ ಕಂಬಸಾಲಿಗೆ ಬರಬೇಕೆಂದು ಅದಕ್ಕೆ ತಿಳಿಸಿದರೆ, ಒಳಪಟ್ಟಿಯ ಒಂದೊಂದು ಅಂಶವೂ ಒಂದೊಂದು ಸಾಲಾಗಿ, ತಾಯಿದಾಖಲೆಯ ಗುರುತನ್ನು ಹೊತ್ತು, ಹೊರಬರುತ್ತದೆ.