ತಾಯಿಯ ನಂತರದ ತಾಯಿ: ಉಮ್ಮು ಐಮನ್(ರ)



ನಿಮ್ಮ ಮನೆಯ ಮಗು ದಿನದ ಹೆಚ್ಚಿನ ಹೊತ್ತು ಯಾರ ಮಡಿಲಲ್ಲಿರುತ್ತದೆ? ತಾಯಿ ದುಡಿಯಲು ಹೋಗುವ ಮನೆಗಳಲ್ಲಿ, ತಾಯಿ ಕಾಯಿಲೆ ಬಿದ್ದ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬಾಕೆ ಬರುತ್ತಾಳೆ. ಹೊತ್ತಿಗೆ ಸರಿಯಾಗಿ ಉಣಿಸಿದಳೇ, ಮಲಗಿಸಿದಳೇ ಎಂದು ನಾವು ವಿಚಾರಿಸುತ್ತೇವೆ. ಮಗು ಇಂದು ಯಾಕೆ ಅತ್ತಿತು, ಆಗ ಆಕೆ ಏನು ಮಾಡಿದಳು ಎಂದು ವಿಚಾರಿಸುವವರು ಕಡಿಮೆ. ಆದರೆ ಮಗುವಿನ ಮನಸ್ಸು ರೂಪುಗೊಳ್ಳುವುದು ಅಂತಹ ಗಳಿಗೆಗಳಲ್ಲಿಯೇ. ಪ್ರವಾದಿ ಮುಹಮ್ಮದ್(ಸ)ರನ್ನು ಎತ್ತಿ ಆಡಿಸಿದ ಉಮ್ಮು ಐಮನ್(ರ)ರ ಜೀವನ ಇದಕ್ಕೆ ಸಾಕ್ಷಿ.

ಅವರ ಹೆಸರು ಬರಕಾ. ಅಬಿಸೀನಿಯಾ ಮೂಲದವರು. ಪ್ರವಾದಿಯವರ(ಸ) ತಂದೆ ಅಬ್ದುಲ್ಲಾರ ಮನೆಯಲ್ಲಿ ದಾಸಿಯಾಗಿದ್ದರು. ಮಗು ಹುಟ್ಟುವ ಮೊದಲೇ ಅಬ್ದುಲ್ಲಾ ತೀರಿಕೊಂಡರು. ಹಾಲುಣಿಸಿದ ಹಲೀಮಾ(ರ) ಮಗುವನ್ನು ಮಕ್ಕಾಕ್ಕೆ ಮರಳಿ ತಂದೊಪ್ಪಿಸಿದ ಬಳಿಕ, ಬಾಲಕ ಮುಹಮ್ಮದ್(ಸ)ರು ತಾಯಿ ಆಮಿನಾ ಮತ್ತು ಬರಕಾ, ಈ ಇಬ್ಬರ ಆರೈಕೆಯಲ್ಲಿ ಬೆಳೆದರು.

ಬಾಲಕರಿಗೆ ಆರು ವರ್ಷವಾದಾಗ, ಅಂದರೆ ಸುಮಾರು ಕ್ರಿ.ಶ. 577ರಲ್ಲಿ, ಆಮಿನಾ ಅವರನ್ನು ಯಸ್ರಿಬ್‌ನ ಬಂಧುಗಳ ಬಳಿಗೆ ಕರೆದೊಯ್ದರು. ಬರಕಾ ಜೊತೆಯಲ್ಲಿದ್ದರು. ಮರಳುವ ದಾರಿಯಲ್ಲಿ ಅಬ್‌ವಾ ಎಂಬಲ್ಲಿ ಆಮಿನಾ ಕಾಯಿಲೆಯಿಂದ ಮೃತಪಟ್ಟು ಅಲ್ಲಿಯೇ ದಫನಗೊಂಡರು. ಸ್ವಲ್ಪ ನಿಂತು ಯೋಚಿಸಿರಿ. ತಂದೆಯ ಮುಖ ಕಾಣದ ಮಗು ಈಗ ತಾಯಿಯನ್ನೂ ಕಳೆದುಕೊಂಡಿದೆ. ಊರು ದೂರ, ದಾರಿ ಮರುಭೂಮಿ. ಆ ಮಗುವಿಗಿದ್ದ ಪರಿಚಿತ ಆಸರೆ ಒಬ್ಬ ದಾಸಿಯದು. ಬರಕಾ ಅವರನ್ನು ಸುರಕ್ಷಿತವಾಗಿ ಮಕ್ಕಾಕ್ಕೆ ತಂದು ಅಜ್ಜ ಅಬ್ದುಲ್ ಮುತ್ತಲಿಬ್‌ರಿಗೆ ಒಪ್ಪಿಸಿದರು.

ಒಪ್ಪಿಸಿದೆನಲ್ಲಾ, ನನ್ನ ಕೆಲಸ ಮುಗಿಯಿತು ಎಂದು ಅವರು ದೂರ ಸರಿಯಲಿಲ್ಲ. ಅಜ್ಜನ ಮನೆಯಲ್ಲಿಯೂ ಬಾಲಕರ ಪೋಷಣೆಯನ್ನು ಮುಂದುವರಿಸಿದರು. ಎರಡು ವರ್ಷಗಳಲ್ಲಿ ಅಜ್ಜನೂ ತೀರಿಕೊಂಡರು. ಎಂಟು ವರ್ಷದ ಬಾಲಕ ಅಜ್ಜನ ಶವದ ಹಿಂದೆ ಅಳುತ್ತಿದ್ದುದನ್ನು ಮುಂದೆ ಸ್ಮರಿಸಿ ತಿಳಿಸಿದವರು ಇದೇ ಉಮ್ಮು ಐಮನ್(ರ). ಹಿರಿಯರೆಲ್ಲ ತಮ್ಮ ದುಃಖದಲ್ಲಿ ಮುಳುಗಿದ್ದಾಗ ಅವರ ಕಣ್ಣು ಮಗುವಿನ ಮೇಲಿತ್ತು.

ನಂತರ ತಂದೆಯ ಸಹೋದರ ಅಬೂ ತಾಲಿಬ್‌ರ ಮನೆ. ಅಲ್ಲಿ ಮಕ್ಕಳು ಹೆಚ್ಚು, ಸಂಪತ್ತು ಕಡಿಮೆ. ಬಾಲಕರು ಹಸಿವು, ಬಾಯಾರಿಕೆ ಎಂದು ದೂರಿದ್ದನ್ನು ತಾನೆಂದೂ ಕಂಡಿಲ್ಲವೆಂದೂ, ಬೆಳಿಗ್ಗೆ ಝಮ್‌ಝಮ್ ಕುಡಿದು ಬಂದು ಊಟ ಬೇಡವೆನ್ನುತ್ತಿದ್ದರೆಂದೂ ಉಮ್ಮು ಐಮನ್(ರ) ಹೇಳಿದ್ದಾರೆ. ಗಮನಿಸಿರಿ, ಕೇಳದ ಮಗುವನ್ನು ಕಾಣುವ ಕಣ್ಣು ಬೇಕು. ಹಟ ಹಿಡಿದು ಅಳುವ ಮಗುವನ್ನು ಎಲ್ಲರೂ ನೋಡುತ್ತಾರೆ. ಸುಮ್ಮನಿರುವ ಮಗುವನ್ನು ನೋಡುವವರೇ ನಿಜವಾದ ಪೋಷಕರು.

ಪ್ರವಾದಿಯವರನ್ನು(ಸ) ತರಬೇತುಗೊಳಿಸಿದವನು ಅಲ್ಲಾಹನೇ. ಆದರೆ ಆ ಪಾಲನೆಗೆ ಅವನು ಒಬ್ಬ ದಾಸಿಯ ಕೈಗಳನ್ನೂ ಆರಿಸಿಕೊಂಡನು ಎಂಬುದನ್ನು ಮರೆಯದಿರಿ.

ಖದೀಜಾ(ರ)ರನ್ನು ವಿವಾಹವಾದಾಗ ಪ್ರವಾದಿಯವರು(ಸ) ಬರಕಾರನ್ನು ದಾಸ್ಯದಿಂದ ವಿಮೋಚನೆಗೊಳಿಸಿದರು. ಮೊದಲ ವಿವಾಹದಲ್ಲಿ ಹುಟ್ಟಿದ ಮಗ ಐಮನ್‌ರಿಂದ ಅವರಿಗೆ ಉಮ್ಮು ಐಮನ್ ಎಂಬ ಹೆಸರು ಬಂತು. ನಂತರ ಝೈದ್ ಬಿನ್ ಹಾರಿಸಾ(ರ)ರ ಪತ್ನಿಯಾಗಿ ಉಸಾಮಾ(ರ)ರ ತಾಯಿಯಾದರು. ಉಹುದ್ ಯುದ್ಧದಲ್ಲಿ (ಕ್ರಿ.ಶ. 625) ಗಾಯಾಳುಗಳಿಗೆ ನೀರುಣಿಸಿದರು. ಪತಿ ಝೈದ್(ರ) 629ರಲ್ಲಿ ಮುಅ್‌ತಾದಲ್ಲಿ, ಮಗ ಐಮನ್(ರ) 630ರಲ್ಲಿ ಹುನೈನ್‌ನಲ್ಲಿ ಹುತಾತ್ಮರಾದರು.

ಪ್ರವಾದಿಯವರು(ಸ) ಅವರನ್ನು ತಮ್ಮ ತಾಯಿಯ ನಂತರದ ತಾಯಿ ಎಂದು ಕರೆಯುತ್ತಿದ್ದರು. ಅವರ ಮನೆಗೆ ಹೋಗುತ್ತಿದ್ದರು. ಒಮ್ಮೆ ಆಕೆ ಕೊಟ್ಟ ಪಾನೀಯವನ್ನು ಪ್ರವಾದಿಯವರು(ಸ) ಕುಡಿಯದಿದ್ದಾಗ ಆಕೆ ಗದರಿಯೇ ಬಿಟ್ಟರು! ಇನ್ನೊಮ್ಮೆ ಅನ್ಸಾರರು ಕೊಟ್ಟಿದ್ದ ಖರ್ಜೂರದ ಮರಗಳನ್ನು ಮರಳಿಸುವ ಸಂದರ್ಭ ಬಂತು. ಉಮ್ಮು ಐಮನ್(ರ) ತನ್ನ ಪಾಲಿನದನ್ನು ಬಿಟ್ಟುಕೊಡಲು ಒಪ್ಪದೆ, ಕೇಳಲು ಬಂದ ಬಾಲಕ ಅನಸ್(ರ)ರ ಕುತ್ತಿಗೆಗೆ ಬಟ್ಟೆ ಹಾಕಿ ಹಿಡಿದರು. ಪ್ರವಾದಿಯವರು(ಸ) ಸಿಟ್ಟಾಗಲಿಲ್ಲ. ಸುಮಾರು ಹತ್ತು ಪಟ್ಟು ಕೊಡುವೆನೆಂದು ಹೇಳಿ ಅವರನ್ನು ಸಮಾಧಾನಪಡಿಸಿದರು.

ಇನ್ನೊಂದು ಘಟನೆ. ಪ್ರವಾದಿಯವರ(ಸ) ಮಡಿಲಲ್ಲಿ ಒಂದು ಹೆಣ್ಣುಮಗು ಕೊನೆಯುಸಿರೆಳೆಯುತ್ತಿತ್ತು. ಉಮ್ಮು ಐಮನ್(ರ) ಗಟ್ಟಿಯಾಗಿ ಅತ್ತರು. ಪ್ರವಾದಿಯವರು(ಸ) ತಡೆದಾಗ, ತಾವೂ ಅಳುತ್ತಿದ್ದೀರಲ್ಲ ಎಂದು ಆಕೆ ಕೇಳಿದರು. ತಮ್ಮ ಕಣ್ಣೀರು ಕರುಣೆಯದೆಂದು ಅವರು ತಿಳಿಸಿದರು. ಕಣ್ಣೀರು ನಾಚಿಕೆಯಲ್ಲ, ಆದರೆ ಅದಕ್ಕೊಂದು ಸಂಯಮವಿದೆ. ಮಗುವಿಗೆ ಕಲಿಸಬೇಕಾದುದು ಇದನ್ನೇ. ಗಂಡುಮಗು ಅಳಬಾರದೆಂದು ಗದರಿಸುವ ಮನೆಗಳು ಈ ಘಟನೆಯನ್ನು ನೆನಪಿಡಲಿ.

ಪ್ರವಾದಿಯವರ(ಸ) ವಿಯೋಗದ ನಂತರ ಅಬೂಬಕರ್(ರ) ಮತ್ತು ಉಮರ್(ರ), ಪ್ರವಾದಿಯವರು(ಸ) ಹೋಗುತ್ತಿದ್ದಂತೆಯೇ ಆಕೆಯನ್ನು ಕಾಣಲು ಹೋದರು. ಆಕೆ ಅತ್ತರು. ಆಕಾಶದಿಂದ ದಿವ್ಯಸಂದೇಶ ನಿಂತು ಹೋಯಿತೆಂಬುದೇ ಆ ಅಳುವಿಗೆ ಕಾರಣವೆಂದು ತಿಳಿದಾಗ ಅವರಿಬ್ಬರೂ ಜೊತೆಯಲ್ಲಿ ಅತ್ತರು.

ಓದುಗರೇ, ನಿಮ್ಮ ಮಗುವನ್ನು ನೋಡಿಕೊಳ್ಳುವಾಕೆಯನ್ನು ಮಗುವಿನ ಮುಂದೆ ಹೀಯಾಳಿಸಬೇಡಿ. ಕ್ಷುಲ್ಲಕ ಕಾರಣಕ್ಕೆ ಪದೇ ಪದೇ ಬದಲಿಸಬೇಡಿ. ಸಂಜೆ ಆಕೆಯ ಬಳಿ ಕುಳಿತು ಮಗು ಯಾವಾಗ ನಕ್ಕಿತು, ಯಾವುದಕ್ಕೆ ಹೆದರಿತು ಎಂದು ಕೇಳಿ. ನೀವೇ ಇನ್ನೊಬ್ಬರ ಮಗುವನ್ನು ನೋಡಿಕೊಳ್ಳುವವರಾಗಿದ್ದರೆ, ನಿಮ್ಮ ಕೆಲಸವನ್ನು ಕೀಳೆಂದು ಭಾವಿಸದಿರಿ. ಅದು ಉಮ್ಮು ಐಮನ್(ರ) ಮಾಡಿದ ಕೆಲಸ. ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣೆಯ ಮಡಿಲನ್ನೂ, ನಮಗೆ ಕೃತಜ್ಞತೆಯ ಮನಸ್ಸನ್ನೂ ಕರುಣಿಸಲಿ. ಆಮೀನ್.