ಒಣ ಬಟ್ಟೆಯಲ್ಲಿ ಜಾಡಿಸಿದರೆ ಧೂಳು ಹೋಗುತ್ತದೆಯೇ? ಫ್ಲಾರೆನ್ಸ್ ನೈಟಿಂಗೇಲ್ ಅಂದೇ ಕೊಟ್ಟಿದ್ದ ಉತ್ತರ

ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಕೈಯಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ಓಡಾಡುವ ಚಿತ್ರ ನೆನಪಾಗುತ್ತದೆ. ಪ್ರತಿ ವರ್ಷ ಮೇ 12ರ ದಾದಿಯರ ದಿನಕ್ಕೆ ಆ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ತಪ್ಪದೆ ಬರುತ್ತದೆ. ಅದೇ ನೈಟಿಂಗೇಲ್ ಮನೆಯ ಧೂಳು ತೆಗೆಯುವುದು ಹೇಗೆ ಎಂದು ವಿವರವಾಗಿ ಬರೆದಿಟ್ಟಿದ್ದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬೆಳಗಾದರೆ ಸೀನು, ರಾತ್ರಿಯಾದರೆ ಉಬ್ಬಸ ಇರುವ ಮನೆಗಳಿಗೆ ದೀಪದ ಕಥೆಗಿಂತ ಆ ಪುಟಗಳೇ ಹೆಚ್ಚು ಉಪಯೋಗ ಎನ್ನುವುದು ನಮ್ಮ ಅನಿಸಿಕೆ.

ಅವರು ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೂ ಇಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ. ಆ ಕಾಲಕ್ಕೆ ಆಸ್ಪತ್ರೆ ಕೆಲಸ ಮರ್ಯಾದಸ್ಥ ಮನೆಯ ಹುಡುಗಿಯರದ್ದಲ್ಲ. ಮನೆಯವರ ವಿರೋಧದ ನಡುವೆಯೇ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು. 1854ರ ನವೆಂಬರಿನಲ್ಲಿ 38 ದಾದಿಯರೊಂದಿಗೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿ ಆಸ್ಪತ್ರೆಗೆ ಹೋದರು. ಆ ಊರು ಈಗ ಇಸ್ತಾಂಬುಲ್ ನಗರದ ಒಂದು ಭಾಗ.

ಅವರು ಕಾಲಿಟ್ಟ ಕೂಡಲೇ ಸಾವು ಕಡಿಮೆಯಾಯಿತು ಎಂದು ಹಲವರು ನಂಬಿದ್ದಾರೆ. ಇದು ಸರಿಯಲ್ಲ. ಅವರು ಬಂದ ಮೇಲಿನ ಚಳಿಗಾಲದಲ್ಲೇ ಸಾವು ಏರಿತು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ಸುಮಾರು 42% ಮುಟ್ಟಿತ್ತು. ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿತು, ನೀರು ಸರಿಪಡಿಸಿತು, ಗಾಳಿ ಆಡುವಂತೆ ಮಾಡಿತು. ಜೂನ್ ಹೊತ್ತಿಗೆ ಸಾವು ಸುಮಾರು 2%ಗೆ ಇಳಿಯಿತು. ಯುದ್ಧ ಮುಗಿದ ಮೇಲೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕುಳಿತು ಲೆಕ್ಕ ಹಾಕಿದಾಗ ನೈಟಿಂಗೇಲ್ ಅವರಿಗೇ ಇದರ ಪೂರ್ತಿ ಅರ್ಥ ತಿಳಿಯಿತು. ಗುಂಡೇಟಿಗಿಂತ ಹೆಚ್ಚು ಸೈನಿಕರನ್ನು ಕೊಂದಿದ್ದು ಕೊಳೆ ಮತ್ತು ಕಾಯಿಲೆ. ಮುಂದಿನ ಬದುಕೆಲ್ಲ ಅವರು ಸ್ವಚ್ಛತೆಯ ಬೆನ್ನು ಹತ್ತಿದ್ದು ಈ ಲೆಕ್ಕದಿಂದಾಗಿ.

1859-60ರಲ್ಲಿ ಅವರ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕ ಬಂತು. ಅದನ್ನು ಬರೆದದ್ದು ದಾದಿಯರ ಪಠ್ಯಕ್ಕೆಂದಲ್ಲ, ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗೆ. ಅಂದಿನ ಧೂಳು ಹೊಡೆಯುವ ಪದ್ಧತಿಯನ್ನು ಅದರಲ್ಲಿ ಅವರು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ. ಕಿಟಕಿ ಬಾಗಿಲು ಮುಚ್ಚಿ ಒಣ ಬಟ್ಟೆಯಿಂದ ಕೊಡವಿದರೆ ಧೂಳು ಕುರ್ಚಿಯಿಂದ ಮೇಜಿಗೆ ಹೋಗುತ್ತದೆಯೇ ಹೊರತು ಮನೆಯಿಂದ ಹೋಗುವುದಿಲ್ಲ, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒರೆಸಲು ಬರುವಂಥ ಪೀಠೋಪಕರಣವನ್ನೇ ಇಡಬೇಕು ಎಂಬುದು ಅವರ ವಾದ. ಕಾರ್ಪೆಟ್ ಅವರಿಗೆ ಆಗುತ್ತಿರಲಿಲ್ಲ. ಗೋಡೆಗೆ ಕಾಗದ ಅಂಟಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಗಾರೆ ಗೋಡೆಯಾದರೆ ಆಗಾಗ ಸುಣ್ಣ ಬಳಿದು ಸರಿಮಾಡಬಹುದು ಎಂದರು. (ಹಬ್ಬ ಬಂತೆಂದರೆ ಗೋಡೆಗೆ ಸುಣ್ಣ ಹೊಡೆಸುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಮಾತು ಹೊಸದೆನಿಸುತ್ತಿರಲಿಲ್ಲ!)

ಆದರೆ ಅವರು ಕೊಟ್ಟ ಕಾರಣ ತಪ್ಪಾಗಿತ್ತು. ಕೊಳಕು ಗಾಳಿಯಿಂದಲೇ ರೋಗ ಹುಟ್ಟುತ್ತದೆ ಎಂದು ನಂಬಿದ್ದ ಅವರು ರೋಗಾಣುಗಳ ವಿಚಾರವನ್ನು ಬಹುಕಾಲ ಒಪ್ಪಲಿಲ್ಲ. ಅಲರ್ಜಿ ಎಂಬ ಪದ ಹುಟ್ಟಿದ್ದೇ 1906ರಲ್ಲಿ, ಆಗ ಅವರಿಗೆ 86 ವರ್ಷ. ಮನೆಯ ಧೂಳಿನಲ್ಲಿ ಅಲರ್ಜಿ ತರುವ ಮುಖ್ಯ ವಸ್ತು ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ನುಸಿಯಿಂದ ಬರುತ್ತದೆ ಎಂದು ನೆದರ್ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು ತೋರಿಸಿದ್ದು 1960ರ ದಶಕದಲ್ಲಿ. ಈ ನುಸಿ ತಿನ್ನುವುದು ನಮ್ಮ ಮೈಯಿಂದ ಉದುರುವ ಚರ್ಮದ ಪುಡಿಯನ್ನು. ಇದರ ಹಿಕ್ಕೆ ಹಾಸಿಗೆ, ದಿಂಬು, ಕಾರ್ಪೆಟ್‌ಗಳಲ್ಲಿ ಸೇರಿಕೊಂಡು, ಜಾಡಿಸಿದಾಗ ಎದ್ದು ಮೂಗಿಗೆ ಹೋಗುತ್ತದೆ. ಒದ್ದೆ ಬಟ್ಟೆ ಅದನ್ನು ಏಳಲು ಬಿಡದೆ ಹಿಡಿದುಕೊಳ್ಳುತ್ತದೆ.

ಹಾಸಿಗೆಯ ವಿಷಯದಲ್ಲೂ ಹೀಗೇ ಆಯಿತು. ಯುದ್ಧದಿಂದ ಮರಳಿದ ಮೇಲೆ ನೈಟಿಂಗೇಲ್ ಕಾಯಿಲೆ ಬಿದ್ದು ವರ್ಷಗಟ್ಟಲೆ ಹಾಸಿಗೆಯಿಂದಲೇ ಕೆಲಸ ಮಾಡಿದರು. ಅದು ಬ್ರೂಸೆಲ್ಲಾ ಸೋಂಕು ಇರಬಹುದು ಎಂದು ಹಲವು ಇತಿಹಾಸಕಾರರ ಊಹೆ. ಭಾರತಕ್ಕೆ ಒಮ್ಮೆಯೂ ಬಾರದೆ ಇಲ್ಲಿನ ಸೇನಾ ಶಿಬಿರಗಳ ನೈರ್ಮಲ್ಯದ ಬಗ್ಗೆ ಅವರು ಬರೆದದ್ದೂ ಲಂಡನ್ನಿನ ಕೋಣೆಯಿಂದಲೇ. ಮೈಯಿಂದ ಬರುವ ತೇವವನ್ನು ಹಾಸಿಗೆ ಹೀರಿಕೊಳ್ಳುತ್ತದೆ, ಅದಕ್ಕೆ ಗಾಳಿ ಆಡಿಸಲೇಬೇಕು ಎಂದು ಅವರು ಪುಸ್ತಕದಲ್ಲಿ ಒತ್ತಿ ಹೇಳಿದ್ದರು. ಡಸ್ಟ್ ಮೈಟ್ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವ ಕಡಿಮೆಯಾದರೆ ಅದು ಉಳಿಯುವುದಿಲ್ಲ. ಬೆಡ್‌ಶೀಟ್, ದಿಂಬಿನ ಕವರನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಿ ಎಂದು ಇಂದಿನ ವೈದ್ಯರು ಹೇಳುವುದು ನುಸಿ ಸಾಯಲಿ, ಅಲರ್ಜಿ ವಸ್ತು ತೊಳೆದುಹೋಗಲಿ ಎಂದು.

ಅವರ ಒಂದು ಸಲಹೆಯನ್ನು ಮಾತ್ರ ಕಣ್ಣುಮುಚ್ಚಿ ಪಾಲಿಸಬೇಡಿ. ಕಿಟಕಿ ಸದಾ ತೆರೆದಿರಲಿ ಎಂದು ಅವರು ಹಟ ಹಿಡಿದಿದ್ದರು. ಅಡುಗೆಮನೆ, ಬಚ್ಚಲುಮನೆಯ ತೇವ ಹೋಗಲು ಇದು ಒಳ್ಳೆಯದೇ. ಆದರೆ ಪರಾಗದ ಅಲರ್ಜಿ ಇರುವವರು ಪಕ್ಕದ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಹೂ ಬಿಟ್ಟಿರುವಾಗ ಆ ಕಡೆಯ ಕಿಟಕಿ ಮುಚ್ಚಿಡುವುದೇ ಸರಿ.

ನೈಟಿಂಗೇಲ್ 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಒದ್ದೆ ಬಟ್ಟೆ ಧೂಳನ್ನು ಕಡಿಮೆ ಮಾಡುತ್ತದೆ, ಆಸ್ತಮಾ ವಾಸಿ ಮಾಡುವುದಿಲ್ಲ. ಮನೆ ಒರೆಸಲು ಶುರು ಮಾಡಿದೆವೆಂದು ವೈದ್ಯರು ಕೊಟ್ಟ ಇನ್ಹೇಲರ್ ನಿಲ್ಲಿಸಬೇಡಿ. ಸೀನು, ಉಬ್ಬಸ ಇರುವವರೇ ಮನೆಯಲ್ಲಿ ಧೂಳು ತೆಗೆಯುವವರೂ ಆಗಿದ್ದರೆ ಆ ಕೆಲಸವನ್ನು ಬೇರೆಯವರು ಮಾಡಲಿ. ಆಗದಿದ್ದರೆ ಮಾಸ್ಕ್ ಹಾಕಿಕೊಂಡು ಮಾಡಿ.